‘ಪಾಲಿಪ್’ ಎಂಬುದಕ್ಕೆ ‘ಗಡ್ಡೆ’ ಸರಿಯೇ?

ಬಲ್ಲವರಿಗೆ ನಮಸ್ಕಾರ. ಕರುಳಿನ ಒಳಗೋಡೆಯಲ್ಲಿ ಬೆಳೆಯುವ ‘ಪಾಲಿಪ್’ ಎಂಬ ಸಣ್ಣ ಮಾಂಸದ ಉಬ್ಬಿಗೆ ಒಂದು ಕನ್ನಡ ಪದ ಬೇಕಾಗಿದೆ.

ಹೋದ ತಿಂಗಳು ಜಯನಗರದಲ್ಲಿರುವ ನಮ್ಮ ಸೋದರತ್ತೆಗೆ ಕೊಲೊನೋಸ್ಕೋಪಿ, ಅಂದರೆ ಕ್ಯಾಮೆರಾ ಇರುವ ಕೊಳವೆಯಿಂದ ದೊಡ್ಡಕರುಳಿನ ಒಳಗನ್ನು ನೋಡುವ ಪರೀಕ್ಷೆ, ಆಯಿತು. ಹಿಂದಿನ ರಾತ್ರಿ ಭೇದಿಯ ಔಷಧಿ ಕುಡಿದು ಕರುಳು ಬರಿದು ಮಾಡಿಕೊಂಡದ್ದೇ ಅವರಿಗೆ ದೊಡ್ಡ ಕಷ್ಟ. ಪರೀಕ್ಷೆ ಮಂಪರಿನಲ್ಲಿ ಮುಗಿದುಹೋಯಿತು. ಎಚ್ಚರವಾದ ಮೇಲೆ ಸಿಬ್ಬಂದಿಯೊಬ್ಬರು ‘ಕರುಳಿನಲ್ಲಿ ಎರಡು ಗಡ್ಡೆ ಇದ್ದವು, ತೆಗೆದು ಬಯಾಪ್ಸಿಗೆ ಕಳಿಸಿದ್ದೇವೆ’ ಎಂದರು. ಅತ್ತೆ ಆ ರಾತ್ರಿ ತಟ್ಟೆ ಮುಟ್ಟಲಿಲ್ಲ. ನಮ್ಮ ಮನೆಗಳಲ್ಲಿ ‘ಗಡ್ಡೆ’ ಎಂದರೆ ಕ್ಯಾನ್ಸರ್ ಎಂದೇ ಅರ್ಥ.

ಮೂಗಿನ ಪಾಲಿಪ್‌ಗೆ ‘ದುರ್ಮಾಂಸ’ ಎನ್ನುವುದುಂಟು. ಆದರೆ ಆ ‘ದುರ್’ ಪ್ರಯೋಗಾಲಯದ ವರದಿಗೂ ಮೊದಲೇ ತೀರ್ಪು ಕೊಟ್ಟುಬಿಡುತ್ತದೆ. ಹೆಚ್ಚಿನ ಪಾಲಿಪ್‌ಗಳು ಕ್ಯಾನ್ಸರ್ ಅಲ್ಲ. ‘ಮೊಳೆ’ ಎಂದರೆ ಮೂಲವ್ಯಾಧಿ ಎಂದುಕೊಳ್ಳುತ್ತಾರೆ. ‘ಗಂಟು’ ಒಳಗೆ ಹುದುಗಿರುವಂಥದ್ದು. ಇದಾದರೋ ಕರುಳಿನ ಒಳಪದರದಿಂದ ಕರುಳಿನ ಟೊಳ್ಳಿನೊಳಕ್ಕೆ ಚಾಚಿಕೊಂಡಿರುತ್ತದೆ, ಕೆಲವಕ್ಕೆ ತೊಟ್ಟೂ ಇರುತ್ತದೆ.

ಮರುದಿನ ವರದಿಯಲ್ಲಿದ್ದ ಬಣ್ಣದ ಚಿತ್ರವನ್ನು ಅತ್ತೆಗೆ ತೋರಿಸಿದೆ. ತೇವದಿಂದ ಹೊಳೆಯುವ ನಸುಗೆಂಪು ಗೋಡೆ, ಅದರ ಮೇಲೆ ಹೆಸರುಕಾಳಿನಂಥ ಒಂದು ಉಬ್ಬು. ಅತ್ತೆ ಕನ್ನಡಕ ಏರಿಸಿ ನೋಡಿ, ‘ಇದು ನರಹುಲಿಯ ಹಾಗಿದೆಯಲ್ಲೋ!’ ಎಂದರು. ತಂತಿಯ ಕುಣಿಕೆಯನ್ನು ಬುಡಕ್ಕೆ ಹಾಕಿ ಬಿಗಿದು ಕತ್ತರಿಸುತ್ತಾರೆ, ಅಲ್ಲಿಯ ಒಳಪದರಕ್ಕೆ ಕತ್ತರಿಸಿದ ನೋವು ತಿಳಿಯುವುದಿಲ್ಲ ಎಂದೆ. ‘ನಮ್ಮಜ್ಜಿ ನರಹುಲಿಗೆ ಕುದುರೆ ಬಾಲದ ಕೂದಲು ಕಟ್ಟಿ ಬೀಳಿಸುತ್ತಿದ್ದರು, ಹಾಗೆಯೇ’ ಎಂದು ನಿರಾಳವಾದರು. ಒಂದು ಪದ ಕೆಡಿಸಿದ್ದನ್ನು ಇನ್ನೊಂದು ಪದ ಸರಿಮಾಡಿತು.

ಅಂದಿನಿಂದ ‘ಕರುಳಿನ ನರಹುಲಿ’ ಎಂಬುದು ನನ್ನ ನಾಲಿಗೆಯಲ್ಲಿ ಕುಳಿತಿದೆ. ಆದರೂ ಒಂದು ಅಳುಕು. ನರಹುಲಿಯನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ, ಇದ್ದರೆ ಇರಲಿ ಎನ್ನುತ್ತಾರೆ. ಅಡಿನೋಮ ಎಂಬ ಬಗೆಯ ಪಾಲಿಪನ್ನು ಹಾಗೆಯೇ ಬಿಟ್ಟರೆ, ಹಲವು ವರ್ಷಗಳಲ್ಲಿ ಅದು ಕ್ಯಾನ್ಸರ್‌ಗೆ ತಿರುಗಬಹುದು, ತೆಗೆಯುವುದೇ ಅದಕ್ಕಾಗಿ. ಎಷ್ಟಿದ್ದವು, ಎಷ್ಟು ದೊಡ್ಡವು, ಯಾವ ಬಗೆಯವು ಎಂಬುದನ್ನು ನೋಡಿ ಮುಂದಿನ ಕೊಲೊನೋಸ್ಕೋಪಿ ಯಾವಾಗ ಎಂದು ವೈದ್ಯರು ಹೇಳುತ್ತಾರೆ. ಪದ ತೀರಾ ಹಗುರವಾದರೆ ಆ ತಪಾಸಣೆ ತಪ್ಪಿಹೋದೀತು.

ಇನ್ನೊಂದು, ‘ರಕ್ತಸ್ರಾವ’. ಮನೆಗೆ ಕೊಟ್ಟ ಚೀಟಿಯಲ್ಲಿ ಇದೊಂದೇ ಪದವಿತ್ತು. ಒಂದೆರಡು ದಿನ ಮಲದಲ್ಲಿ ಚೂರು ರಕ್ತ ಕಂಡರೆ ಗಾಬರಿ ಬೇಡ. ರಕ್ತ ಹೆಪ್ಪುಹೆಪ್ಪಾಗಿ ಬಂದರೆ, ನಿಲ್ಲದೆ ಹೋದರೆ, ಹೊಟ್ಟೆನೋವು ಜೋರಾದರೆ, ಜ್ವರ ಬಂದರೆ ಕೂಡಲೇ ಆಸ್ಪತ್ರೆಗೆ ಓಡಬೇಕು. ಎರಡು ವಾರದವರೆಗೂ ಈ ಎಚ್ಚರ ಇರಬೇಕು. ಈ ಎರಡು ಬಗೆಯ ರಕ್ತಕ್ಕೂ ‘ರಕ್ತಸ್ರಾವ’ ಎಂದೇ ಬರೆದರೆ ಓದಿದವರು ಏನು ಮಾಡಬೇಕು? ‘ರಕ್ತದ ಕಲೆ’, ‘ರಕ್ತ ಸುರಿಯುವುದು’ ಎಂದು ಬೇರೆ ಮಾಡಿದರೆ ಹೇಗೆ?

ನಿಮ್ಮ ಕಡೆ ಮೈಮೇಲೆ ತೊಟ್ಟಿನಿಂದ ಜೋತುಬೀಳುವ ಸಣ್ಣ ಮಾಂಸದ ಚೂರಿಗೆ ಏನೆನ್ನುತ್ತೀರಿ? ಹೆದರಿಸದ, ಹಾಗೆಂದು ಮರೆಸಿಯೂ ಬಿಡದ ಪದವಿದ್ದರೆ ತಿಳಿಸಿ. ಅತ್ತೆಯ ಚೀಟಿಯನ್ನು ಕನ್ನಡದಲ್ಲಿ ಮತ್ತೆ ಬರೆದು ಆ ಆಸ್ಪತ್ರೆಗೆ ಕೊಡಬೇಕೆಂದಿದ್ದೇನೆ.