ಬ್ಯಾಕಪ್ ಫೋನ್ ಸರ್ವರ್ ಇಪ್ಪತ್ತು ನಿಮಿಷಕ್ಕೆ ತಾನೇ ರೀಸ್ಟಾರ್ಟ್ ಆಗ್ತಿದೆ, ಎಲ್ಲಿಂದ ಶುರು ಮಾಡ್ಲಿ?

ಟ್ರಿಣ್_ಟ್ರಿಣ್
ನಮ್ ಆಫೀಸಲ್ಲಿ ಆಸ್ಟೆರಿಸ್ಕ್ (ಫೋನ್ ಎಕ್ಸ್‌ಚೇಂಜ್ ಸಾಫ್ಟ್‌ವೇರು) ಹಾಕಿರೋ ಮಷೀನ್ ಎರಡಿದೆ, ಒಂದು ಮೇನು, ಇನ್ನೊಂದು ಸ್ಟ್ಯಾಂಡ್‌ಬೈ. ಸ್ಟ್ಯಾಂಡ್‌ಬೈ ಅಂದ್ರೆ ಹಳೇ ಅಸೆಂಬಲ್ಡ್ ಡೆಸ್ಕ್‌ಟಾಪು, ಒಂದೂವರೆ ವರ್ಷದಿಂದ ಪ್ಲಗ್ ಕಿತ್ಹಾಕಿ ಮೂಲೇಲಿ ಕೂರಿಸಿದ್ವಿ, ಅದರ ಮೇಲೆ ಯಾರೋ ಆಯುಧಪೂಜೆ ಕುಂಕುಮ ಬೇರೆ ಹಚ್ಚಿದಾರೆ. ಭಾನುವಾರ ಮೇನ್ ಮಷೀನಿನ ಡಿಸ್ಕ್ ಬದಲಾಯಿಸೋಣ ಅಂತ ಇದನ್ನ ಆನ್ ಮಾಡಿದ್ರೆ ಡೇಟು 2009 ಅಂತ ಬಂತು, ಟಿಎಲ್‌ಎಸ್ (ಸರ್ಟಿಫಿಕೇಟ್ ನೋಡಿ ಕನೆಕ್ಟ್ ಆಗೋ) ಫೋನ್ ಒಂದೂ ರಿಜಿಸ್ಟರ್ ಆಗ್ಲಿಲ್ಲ, ಡೇಟ್ ಸರಿ ಮಾಡಿದ್ಮೇಲೆ ಫೋನ್ ಬಂದ್ವು ಆದ್ರೆ ಪಿಆರ್‌ಐ ಕಾರ್ಡಿನ (ಟೆಲಿಫೋನ್ ಕಂಪನಿ ಲೈನ್ ಚುಚ್ಚೋ ಕಾರ್ಡು) ಲೈಟು ಕೆಂಪು, ಹೊರಗಡೆ ಕಾಲ್ ಹೋಗ್ತಿಲ್ಲ, ಅದನ್ನ ನೋಡ್ತಾ ಇರೋವಾಗ್ಲೇ ಟಪ್ ಅಂತ ರೀಸ್ಟಾರ್ಟ್. ಮತ್ತೆ ಇಪ್ಪತ್ತು ನಿಮಿಷಕ್ಕೆ ಅದೇ ಕಥೆ. ರ‍್ಯಾಮ್ ಇರಬಹುದಾ?

ಧಾರವಾಡ_ಪೇಡೆ
ಮೂರು ರೋಗ ಒಂದ ಪೇಶಂಟಿಗೆ ಬಂದಾವ್ರೀ, ಒಂದ ಔಷಧ ಹುಡುಕಬ್ಯಾಡ್ರಿ. ಡೇಟ್ ಹೋಗೇತಿ ಅಂದ್ರ ಬೋರ್ಡ್ ಮ್ಯಾಲಿನ ಸಿಆರ್2032 ಸೆಲ್ ಸತ್ತೈತಿ, ಹೊಸಾದು ಹಾಕ್ರಿ. ಫೋನ್ ಈ ಮಷೀನಿಂದನ ಟೈಮ್ ತಗೋತಿದ್ರ, ಡೇಟ್ ಹಿಂದ ಇದ್ದಾಗ ಸರ್ಟಿಫಿಕೇಟ್ ಇನ್ನೂ ಚಾಲೂನ ಆಗಿಲ್ಲ ಅಂತ ತಿಳ್ಕೋತಾವು, ಅದಕ್ಕ ರಿಜಿಸ್ಟರ್ ಆಗಿರಲಿಕ್ಕಿಲ್ಲ. ಕಾರ್ಡಿಗೆ ಲೂಪ್‌ಬ್ಯಾಕ್ ಪ್ಲಗ್ (ಕಾರ್ಡ್ ಕಳಸಿದ ಸಿಗ್ನಲ್ ಅದಕ್ಕ ವಾಪಸ್ ಕೊಡೂದು) ಮಾಡ್ಕೋರಿ, ಒಂದು ಕನೆಕ್ಟರಿನ್ಯಾಗ 1ನೇ ಪಿನ್ 4ಕ್ಕ, 2ನೇದು 5ಕ್ಕ. ಚುಚ್ಚಿದಾಗ ಲೈಟ್ ಹಸಿರಾದ್ರ ಕಾರ್ಡ್ ಬರೋಬ್ಬರಿ ಐತಿ, ತಂಟೆ ಕೇಬಲ್ ಕಡೆ ಇಲ್ಲಾ ಕಂಪನಿ ಕಡೆ.

ಸೊನ್ನೆ_ಒಂದು
ರೀಸ್ಟಾರ್ಟ್ ಆಗೋ ಮುಂಚೆ ಲಾಗಲ್ಲಿ ಕೊನೇ ಸಾಲು ಏನಿದೆ ಗುರೂ? ಪ್ಯಾನಿಕ್ (ಸಿಸ್ಟಮ್ ಕುಸಿದಾಗ ಬರೋ ಎರರ್) ಅಂತ ಏನೂ ಇಲ್ದೆ ಮಾತಿನ ಮಧ್ಯೆ ಫೋನ್ ಕಟ್ಟಾದಂಗೆ ನಿಂತಿದ್ರೆ ನಾನಂತೂ ಮೊದ್ಲು ಎಸ್‌ಎಂಪಿಎಸ್ (ಪವರ್ ಸಪ್ಲೈ) ಮೇಲೆ, ಆಮೇಲೆ ಬಿಸಿ ಮೇಲೆ ಡೌಟ್ ಪಡ್ತೀನಿ. ಬಯಾಸಲ್ಲಿ (ಆನ್ ಮಾಡಿದಾಗ ಮೊದ್ಲು ಬರೋ ಸೆಟ್ಟಿಂಗ್ಸಲ್ಲಿ) 12 ವೋಲ್ಟ್ ಲೈನು 11.4ಕ್ಕಿಂತ ಕೆಳಗಿಳೀತಿದ್ಯಾ ನೋಡಿ, ಆದ್ರೆ ಬಯಾಸಲ್ಲಿ ಲೋಡ್ ಇರಲ್ಲ, ಅಲ್ಲಿ ಸರಿ ಕಂಡ್ರೂ ನಂಬೋಕಾಗಲ್ಲ, ಬೇರೆ ಎಸ್‌ಎಂಪಿಎಸ್ ಹಾಕಿ ನೋಡೋದೇ ವಾಸಿ. ರ‍್ಯಾಮ್ ಡೌಟಿದ್ರೆ ಮೆಮ್‌ಟೆಸ್ಟ್ ರಾತ್ರಿಯಿಡೀ ಬಿಡಿ, ಹತ್ತು ನಿಮಿಷ ಓಡಿಸಿ ಪಾಸ್ ಅನ್ನಬೇಡಿ. ಹಾಂ, ಡಿಸ್ಕ್‌ನ ಸ್ಮಾರ್ಟ್ ರೀಡಿಂಗಲ್ಲಿ (ಡಿಸ್ಕ್ ತನ್ನ ಆರೋಗ್ಯದ್ದು ತಾನೇ ಇಡೋ ಲೆಕ್ಕ) ಪೆಂಡಿಂಗ್ ಸೆಕ್ಟರ್ (ಓದೋಕೆ ತೊಂದ್ರೆ ಆದ ಜಾಗ) ಸೊನ್ನೆ ಇಲ್ಲ ಅಂದ್ರೆ ಆ ಡಿಸ್ಕನ್ನ ನೆಚ್ಕೋಬೇಡಿ.

ಟ್ರಿಣ್_ಟ್ರಿಣ್
ಲಾಗ್ ನೀವ್ ಹೇಳ್ದಂಗೇ ಇತ್ತು, ಅರ್ಧ ಸಾಲಲ್ಲೇ ನಿಂತಿದೆ. ಅಕೌಂಟ್ಸ್‌ನವರ ಕಂಪ್ಯೂಟರಿಂದ ಎಸ್‌ಎಂಪಿಎಸ್ ಬಿಚ್ಕೊಂಡು ಬಂದು ಹಾಕ್ದೆ (ಅವರಿಗೆ ಹೇಳಿಲ್ಲ), ನಿನ್ನೆ ಸಂಜೆಯಿಂದ ಒಂದ್ಸಲಾನೂ ಬಿದ್ದಿಲ್ಲ. ಹಳೇದನ್ನ ಬಿಚ್ಚಿದ್ರೆ ಎರಡು ಕೆಪ್ಯಾಸಿಟರ್ ತಲೆ ಇಡ್ಲಿ ಥರ ಉಬ್ಬಿದೆ. ಸೆಲ್ಲು ಮಲ್ಟಿಮೀಟರಲ್ಲಿ 1.9 ವೋಲ್ಟ್ ತೋರಿಸ್ತು, ಬದಲಾಯಿಸಿದೆ. ಲೂಪ್‌ಬ್ಯಾಕ್ ಹಾಕಿದ ತಕ್ಷಣ ಹಸಿರು, ಆಮೇಲೆ ನೋಡಿದ್ರೆ ಪ್ಯಾಚ್ ಕೇಬಲಿನ ಕ್ಲಿಪ್ ಮುರಿದು ಪಿನ್ ಅರ್ಧ ಹೊರಗೆ ಬಂದಿತ್ತು! ರ‍್ಯಾಮಿಗೆ ಇವತ್ ರಾತ್ರಿ ಮೆಮ್‌ಟೆಸ್ಟ್ ಹಚ್ತೀನಿ.

ಧಾರವಾಡ_ಪೇಡೆ
ಇನ್ನ ಪ್ಲಗ್ ಕೀಳಬ್ಯಾಡ್ರಿ, ತಿಂಗಳಿಗೊಮ್ಮೆ ಲೈನ್ ಇದಕ್ಕ ಹಾಕಿ ಒಂದ್ ದಿನಾ ದುಡಿಸ್ರಿ. ಅಕೌಂಟ್ಸ್‌ನವ್ರು ಸೋಮವಾರ ಬರೂದ್ರಾಗ ಎಸ್‌ಎಂಪಿಎಸ್ ಹೊಸಾದ್ ತರ್ರಿ ಮೊದ್ಲ.