ನಿಂಬೆರಸದ ಅಕ್ಷರ ಮೂಡುತ್ತಲೇ ಇಲ್ಲ, ಮಾಡಿ ನೋಡಿದವರು ಹೇಳಿ

ಶನಿವಾರದ ಅಮ್ಮ: ಶನಿವಾರ ಮಗಳು ತರಗತಿಯಲ್ಲಿ ಅದೃಶ್ಯ ಶಾಯಿ ಮಾಡಿ ತೋರಿಸಬೇಕು. ನಿಂಬೆರಸದಲ್ಲಿ ಬರೆದು ಒಣಗಿಸಿ, ಟೇಬಲ್ ಲ್ಯಾಂಪಿನ ಕೆಳಗೆ ಅರ್ಧ ಗಂಟೆ ಹಿಡಿದೆವು. ಒಂದಕ್ಷರವೂ ಮೂಡಲಿಲ್ಲ. ಮನೆಯಲ್ಲಿರುವ ಸಾಮಾನಲ್ಲೇ ಆಗಬೇಕು. ನಿಮ್ಮ ಅನುಭವ ತಿಳಿಸಿ.

ಹಳೇಹಾಳೆ: ದಯವಿಟ್ಟು ಮೇಣದಬತ್ತಿಯ ಹತ್ತಿರ ಹೋಗಬೇಡಿ. ನಾನು ಹೋಗಿ ಹನ್ನೊಂದು ಹಾಳೆ ಕಳೆದುಕೊಂಡೆ. ಒಂಬತ್ತು ನಡುವೆ ಕಪ್ಪಾದವು, ಎರಡು ಹೊತ್ತಿಕೊಂಡೇ ಬಿಟ್ಟವು. ಕೊನೆಯದು ಉರಿಯುವಾಗ ಮಗ ಪಕ್ಕದಲ್ಲೇ ಬಗ್ಗಿ ನಿಂತಿದ್ದ, ಹುಬ್ಬಿನ ಕೂದಲು ಸೀದು ಹೋಯಿತು. ಅವತ್ತಿನಿಂದ ಇಸ್ತ್ರಿಪೆಟ್ಟಿಗೆ ಮಾತ್ರ. ಹಬೆ ಬಂದ್ ಮಾಡಿ, ಹಾಳೆಯ ಮೇಲೊಂದು ತೆಳು ಬಟ್ಟೆ ಹಾಕಿ, ಐದೈದು ಸೆಕೆಂಡು ಒತ್ತಿ ಎತ್ತಿ ನೋಡುತ್ತಾ ಹೋಗುತ್ತೇನೆ. ಮೊದಲು ತಿಳಿಹಳದಿ, ಆಮೇಲೆ ಕಂದು. ರಸ ಹೀರಿದ ಜಾಗ ಉಳಿದ ಕಾಗದಕ್ಕಿಂತ ಬೇಗ ಕಂದಾಗುತ್ತದೆ, ಅಷ್ಟೇ ಗುಟ್ಟು. ಹತ್ತು ಸೆಕೆಂಡು ಜಾಸ್ತಿ ಒತ್ತಿದರೆ ಕಾಗದವೂ ಕಂದಾಗಿ ಅಕ್ಷರ ಅದರಲ್ಲೇ ಮುಳುಗುತ್ತದೆ. ಎಲ್‌ಇಡಿ ಬಲ್ಬಿನಲ್ಲಿ ಆ ಬಿಸಿ ಬರುವುದೇ ಇಲ್ಲ.

ಅರಿಶಿನದ ಕೈ: ಎಲ್ಲರೂ ಬಿಸಿಗೇ ಯಾಕೆ ಜೋತು ಬೀಳುತ್ತೀರಿ? ನಾನು ಅಡುಗೆ ಸೋಡಾ ನೀರಲ್ಲಿ ಬರೆದು, ಮೇಲೆ ಅರಿಶಿನ ಸವರಿದೆ. ಎರಡು ಸಂಜೆ ಹಾಳಾಗಿದ್ದು ಒಂದೇ ತಪ್ಪಿಗೆ. ಅರಿಶಿನವನ್ನು ನೀರಿಗೆ ಹಾಕಿದ್ದೆ, ಬಣ್ಣ ಕರಗದೆ ತಳಕ್ಕೆ ಕೂತಿತು. ಗಾಯ ಒರೆಸುವ ಸ್ಪಿರಿಟ್ಟಿಗೆ ಹಾಕಿದ ಮೇಲೆ ದಾರಿಗೆ ಬಂತು. ಆದರೂ ಅಕ್ಷರ ಸಪ್ಪೆ ಕಿತ್ತಳೆ, ಯಾಕಂದರೆ ಅಡುಗೆ ಸೋಡಾದ ಕ್ಷಾರ ತೀರಾ ಮೆದು. ಬಟ್ಟೆ ಒಗೆಯುವ ಸೋಡಾ ಹಾಕಿ ನೋಡಿ! ಇಟ್ಟಿಗೆ ಕೆಂಪು ಎದ್ದು ಬರುತ್ತದೆ. ನನ್ನ ಬೆರಳು ನಾಲ್ಕು ದಿನ ಹಳದಿಯಾಗಿತ್ತು, ಪರವಾಗಿಲ್ಲ.

ಹಳೇಹಾಳೆ: ಸ್ಪಿರಿಟ್ ಬೆಂಕಿಗೆ ಭಗ್ ಅನ್ನುತ್ತದೆ ಅಂತ ಗೊತ್ತಲ್ವಾ? ಮಕ್ಕಳ ಕೈಗೆ ಅದನ್ನು ಕೊಡಿ ಅನ್ನುತ್ತೀರಲ್ಲ.

ಅರಿಶಿನದ ಕೈ: ಮಗುವನ್ನು ಉರಿಯುವ ಹಾಳೆಯ ಪಕ್ಕ ನಿಲ್ಲಿಸಿದ್ದು ನೀವು. ನಮ್ಮ ಮನೆಯಲ್ಲಿ ಒಲೆ ಆರಿಸಿ, ಕಿಟಕಿ ತೆಗೆದು, ಸ್ಪಿರಿಟ್ಟನ್ನು ನಾನೇ ಸವರಿದೆ. ಓದದೆ ಸುಮ್ನೆ ಬೈಯಬೇಡಿ.

ನೀಲಿಕಲೆ: ಇಬ್ಬರೂ ಕಾಗದದ ಮಾತೇ ಎತ್ತಲಿಲ್ಲ. ನಾನು ನಲವತ್ತು ಮಕ್ಕಳ ಮುಂದೆ ಸೋತಿದ್ದು ಕಾಗದದಿಂದಲೇ. ಕಾರ್ನ್‌ಫ್ಲೋರ್ ಗಂಜಿಯಲ್ಲಿ ಬರೆದು, ಗಾಯಕ್ಕೆ ಹಚ್ಚುವ ಪೊವಿಡೋನ್ ಅಯೋಡಿನ್‌ಗೆ ನೀರು ಬೆರೆಸಿ ಬಳಿದೆ. ಅಕ್ಷರ ನೀಲಿಯಾಗಬೇಕಿತ್ತು. ಇಡೀ ಹಾಳೆ ನೀಲಿಯಾಯಿತು! ಹಿಂದಿನ ರಾತ್ರಿ ಒಂದು ಗಂಟೆವರೆಗೆ ಕೂತು ಇಪ್ಪತ್ತು ಹಾಳೆ ಬರೆದಿಟ್ಟಿದ್ದೆ. ಇಪ್ಪತ್ತೂ ಹಾಗೇ. ಗಂಟಲು ಕಟ್ಟಿ ಮಾತೇ ಹೊರಡಲಿಲ್ಲ. ಆಮೇಲೆ ತಿಳಿಯಿತು, ಪ್ರಿಂಟರ್ ಹಾಳೆಗೆ ಕಾರ್ಖಾನೆಯಲ್ಲೇ ಗಂಜಿ ಬಳಿದಿರುತ್ತಾರೆ. ಹಾಗಾದರೆ ಅದನ್ನೇ ಬಳಸೋಣ ಅಂತ ಅದೇ ಹಾಳೆಯ ಮೇಲೆ ನಿಂಬೆರಸದಲ್ಲಿ ಬರೆದು, ಒಣಗಿಸಿ, ಅಯೋಡಿನ್ ಬಳಿದೆ. ಸುತ್ತ ನೇರಳೆ, ನಡುವೆ ಬೆಳ್ಳಗೆ ಅಕ್ಷರ! ನಿಂಬೆಯ ವಿಟಮಿನ್ ಸಿ ಅಯೋಡಿನ್ನಿನ ಬಣ್ಣ ತೆಗೆದುಬಿಡುತ್ತದೆ. ಬೆಂಕಿಯೂ ಬೇಡ, ಇಸ್ತ್ರಿಯೂ ಬೇಡ.

ಹಳೇಹಾಳೆ: ಆ ನೇರಳೆ ಬರಬರುತ್ತಾ ಮಾಸುತ್ತದೆ. ಇಸ್ತ್ರಿಯಲ್ಲಿ ಮೂಡಿಸಿದ ನನ್ನ ಹಾಳೆ ಮೂರು ವರ್ಷದಿಂದ ಗೋಡೆಯ ಮೇಲಿದೆ.

ನೀಲಿಕಲೆ: ಗೋಡೆಗೆ ತೂಗುಹಾಕಲು ಯಾರು ಕೇಳಿದರು? ಕ್ಲಾಸಿನಲ್ಲಿ ಅರ್ಧ ಗಂಟೆ ನಿಂತರೆ ಸಾಕು.

ಓರೆಬೆಳಕು: ನಿಂಬೆರಸವನ್ನು ಮಕ್ಕಳಾಟ ಅಂದುಕೊಳ್ಳಬೇಡಿ. ಜರ್ಮನಿಯ ಗೂಢಚಾರ ಕಾರ್ಲ್ ಮುಲ್ಲರ್‌ನನ್ನು 1915ರಲ್ಲಿ ಲಂಡನ್ ಟವರ್‌ನಲ್ಲಿ ಗುಂಡಿಕ್ಕಿ ಕೊಂದರು. ಅವನ ವಿರುದ್ಧದ ಸಾಕ್ಷ್ಯಗಳಲ್ಲಿ ಒಂದು ನಿಂಬೆಹಣ್ಣೂ ಇತ್ತು. ಗುಪ್ತ ಬರಹ ಮೂಡಿಸುವುದಕ್ಕಿಂತ ಅಡಗಿಸುವುದೇ ಕಷ್ಟ. ನಾನು ಹಲ್ಲುಕಡ್ಡಿಯಲ್ಲಿ ಬರೆದೆ. ದೀಪವನ್ನು ಓರೆಯಾಗಿ ಹಿಡಿದರೆ ಗೀರೆಲ್ಲ ಕಾಣುತ್ತಿತ್ತು, ಬಿಸಿ ಮಾಡುವ ಮೊದಲೇ ತಮ್ಮ ಪೂರ್ತಿ ಓದಿಬಿಟ್ಟ. ಹತ್ತಿ ಸುತ್ತಿದ ಕಡ್ಡಿಗೆ ಬದಲಾಯಿಸಿದೆ. ಆಗ ಗೀರಿಲ್ಲ, ಆದರೆ ಒದ್ದೆಯಾದ ಜಾಗ ಉಬ್ಬಿತು. ಕೊನೆಗೆ ಇಡೀ ಹಾಳೆಗೆ ಹಬೆ ತೋರಿಸಿ, ದಪ್ಪ ಪುಸ್ತಕದ ಕೆಳಗೆ ರಾತ್ರಿಯೆಲ್ಲ ಇಟ್ಟೆ. ಎಲ್ಲ ಕಡೆ ಒಂದೇ ಥರ ಉಬ್ಬಿಳಿದ ಮೇಲೆ ಯಾರಿಗೂ ಏನೂ ಕಾಣಲಿಲ್ಲ.

ಅರಿಶಿನದ ಕೈ: ಕ್ಲಾಸಿನಲ್ಲಿ ತೋರಿಸಲು ಹಬೆ, ಪುಸ್ತಕ ಎಲ್ಲ ಯಾಕೆ? ಸುಮ್ನೆ ಕೆಲಸ ಹೆಚ್ಚಿಸುತ್ತೀರಿ.

ಓರೆಬೆಳಕು: ಮೊದಲೇ ಕಾಣುವುದನ್ನು ಅದೃಶ್ಯ ಶಾಯಿ ಅನ್ನುತ್ತಾರಾ ಮೇಡಂ?

ಶನಿವಾರದ ಅಮ್ಮ: ನಮ್ಮದು ಎಲ್‌ಇಡಿ ದೀಪವೇ. ಅಯೋಡಿನ್ ಬಟ್ಟೆಗೆ ತಾಗಿದರೆ ಕಲೆ ಹೋಗುತ್ತದಾ? ಬಿಳಿ ಯೂನಿಫಾರಂ ಹಾಕಬೇಕು.

ನೀಲಿಕಲೆ: ಅವತ್ತು ನನ್ನ ಬಿಳಿ ಅಂಗಿಯ ತೋಳಿಗೂ ಅಂಗೈಯಗಲ ತಾಗಿತ್ತು. ಉಳಿದಿದ್ದ ಅರ್ಧ ಹೋಳು ನಿಂಬೆಯನ್ನು ಅಲ್ಲೇ ಹಿಂಡಿ ಉಜ್ಜಿದೆ. ಕಂದು ಕಲೆ ಕಣ್ಣೆದುರೇ ಕರಗಿತು, ಆಮೇಲೆ ನೀರಲ್ಲಿ ತೊಳೆದೆ. ಮಗಳ ಚೀಲದಲ್ಲಿ ಒಂದು ನಿಂಬೆ ಜಾಸ್ತಿ ಇಟ್ಟು ಕಳಿಸಿ.