ಹ್ಯಾಶ್ ಇಂಡೆಕ್ಸ್ ಮ್ಯಾಲೆ ಯುನೀಕ್ ಹಾಕೋದು ಹ್ಯಾಂಗ? (ಪೋಸ್ಟ್‌ಗ್ರೆಸ್ ಡೇಟಾಬೇಸ್)

ಪ್ರಶ್ನೆ, ಕಲಬುರಗಿ:
ಆಳಂದ, ಜೇವರ್ಗಿ ಕಡಿ ತತ್ವಪದ ಒಂದು ಟೇಬಲ್‌ದಾಗ ಕೂಡಿಸ್ಲಾಕತ್ತೀವಿ. ಅದೇ ಪದ (ಹಾಡು) ಎರಡು ಸಲ ಸೇರಬಾರದು. ‘ಪಠ್ಯ’ ಕಾಲಂಗೆ ಯುನೀಕ್ (ನಕಲು ಬ್ಯಾಡ ಅನ್ನೋ ನಿಯಮ) ಹಾಕಿದ್ರ ಉದ್ದನ ಪದಕ್ಕ ‘2704 ಬೈಟ್ ಮೀರಿತು’ ಅಂತ ಎರರ್. ಹ್ಯಾಶ್ ಇಂಡೆಕ್ಸ್ (ಪಠ್ಯದ ಬದಲು ಅದರಿಂದ ಲೆಕ್ಕ ಹಾಕಿದ ಸಣ್ಣ ಸಂಖ್ಯೆ ಇಡೋ ಹುಡುಕು ಪಟ್ಟಿ) ಮಾಡಿದ್ರ ಅದರಾಗ ಯುನೀಕ್ ನಡೆಯಂಗಿಲ್ಲ ಅಂತದ. ದಾರಿ ಏನದ?

ಉತ್ತರ, ಬೀದರ:
ಸರ, ಎರಡು ಎರರ್‌ಗೂ ಕಾರಣ ಬ್ಯಾರೆ ಬ್ಯಾರೆ. ಯುನೀಕ್ ಹಾಕಿದ್ರ ಆಗೋ ಬಿ-ಟ್ರೀ (ಮೌಲ್ಯ ಕ್ರಮವಾಗಿ ಜೋಡಿಸೋ ಇಂಡೆಕ್ಸ್) ಪೂರಾ ಪಠ್ಯಾನೇ ಇಂಡೆಕ್ಸ್ ಒಳಗ ಇಡ್ತದ. 8 ಕೆಬಿ ಪುಟದಾಗ ಮೂರು ಸಾಲರೆ ಹಿಡಿಬೇಕು, ಅದಕ್ಕ ಆ ಮಿತಿ. ಕನ್ನಡದ ಒಂದೊಂದು ಸಂಕೇತಕ್ಕೂ ಯುಟಿಎಫ್-8ದಾಗ 3 ಬೈಟ್, ‘ಸ್ತ್ರೀ’ ಒಂದಕ್ಕೇ 18. ಒತ್ತಿ ಸಣ್ಣದು ಮಾಡಿದ ಮ್ಯಾಲೂ ಉದ್ದನ ಪದ ಮಿತಿ ದಾಟ್ತದ.

ಹ್ಯಾಶ್ ಇಂಡೆಕ್ಸ್ ಬರೇ 4 ಬೈಟಿನ ಹ್ಯಾಶ್ ಇಡ್ತದ, ಉದ್ದದ ಚಿಂತಿ ಇಲ್ಲ. ಆದ್ರ ಬ್ಯಾರೆ ಪಠ್ಯಕ್ಕೂ ಅದೇ ಹ್ಯಾಶ್ ಬರಬಹುದು, ಟೇಬಲ್‌ಗೆ ಹೋಗಿ ಸಾಲು ನೋಡಲೇಬೇಕು. ಬಿ-ಟ್ರೀದಾಗ ಅದೇ ಮೌಲ್ಯ ತರೋ ಇಬ್ಬರೂ ಒಂದೇ ಪುಟದ ಲಾಕ್‌ಗೆ ಬಂದು ನಿಲ್ತಾರ. ಹ್ಯಾಶ್‌ದಾಗ ಬಕೆಟ್‌ನ (ಹ್ಯಾಶ್ ಪ್ರಕಾರ ಮಾಡಿದ ಗುಂಪು) ಯಾವ ಓವರ್‌ಫ್ಲೋ (ತುಂಬಿ ಮಿಕ್ಕಿದ್ದು ಇಡೋ) ಪುಟದಾಗರೆ ಇರಬಹುದು, ಅದೇ ಹೊತ್ತಿಗೆ ಬಕೆಟ್ ಒಡೆದು ಎರಡಾಗ್ತಿರಬಹುದು. ನಕಲು ಹಿಡಿಯೋ ಈ ಪರೀಕ್ಷಾ ಅದರಾಗ ಬರೆದಿಲ್ಲ.

ಪೋಸ್ಟ್‌ಗ್ರೆಸ್ 10 ಅಥವಾ ಮ್ಯಾಲಿನ ಆವೃತ್ತಿ ಇದ್ರ ಎಕ್ಸ್‌ಕ್ಲೂಡ್ ಹಾಕ್ರಿ, ಅದು ಹ್ಯಾಶ್ ಇಂಡೆಕ್ಸ್‌ದಿಂದ ಹುಡುಕಿ ನಕಲು ಸಾಲು ತಡೀತದ:

ಆಲ್ಟರ್ ಟೇಬಲ್ ಪದಗಳು ಆಡ್ ಕನ್‌ಸ್ಟ್ರೇಂಟ್ ಪಠ್ಯ_ಒಂದೇ ಎಕ್ಸ್‌ಕ್ಲೂಡ್ ಯೂಸಿಂಗ್ ಹ್ಯಾಶ್ (ಪಠ್ಯ ವಿತ್ =);

10ಕ್ಕಿಂತ ಹಳೇದ್ರಾಗ ಬ್ಯಾಡ. ಹ್ಯಾಶ್ ಇಂಡೆಕ್ಸ್ ಅಲ್ಲಿ ಲಾಗ್‌ಗೆ (ಬದಲಾವಣಿ ಬರೆದಿಡೋ ದಾಖಲಿ) ಹೋಗಂಗಿಲ್ಲ, ಸರ್ವರ್ ಬಿದ್ರ ಕೆಡ್ತದ.

ಉತ್ತರ, ಯಾದಗಿರಿ:
ಇದು ನಡೀತದ, ಆದ್ರ ಯುನೀಕ್‌ಗೆ ಪೂರಾ ಸಮ ಅಲ್ಲ. ‘ಆನ್ ಕಾನ್‌ಫ್ಲಿಕ್ಟ್ ಡು ನಥಿಂಗ್’ (ನಕಲು ಬಂದ್ರ ಬಿಟ್ಟುಬಿಡು) ಆಗ್ತದ, ‘ಡು ಅಪ್‌ಡೇಟ್’ (ಹಳೇ ಸಾಲು ತಿದ್ದು) ಆಗಂಗಿಲ್ಲ. ಫಾರಿನ್ ಕೀ (ಬ್ಯಾರೆ ಟೇಬಲ್‌ನಿಂದ ಈ ಕಾಲಂಗೆ ಕೊಂಡಿ) ಇದನ್ನ ಹಿಡಿಯಂಗಿಲ್ಲ. ಹಾಕೋ ಹೊತ್ತಿಗೆ ಟೇಬಲ್ ಪೂರಾ ಲಾಕ್ ಆಗ್ತದ, ಬರೆಯೋದು ನಿಲ್ಲಿಸದಂಗ ಇಂಡೆಕ್ಸ್ ಮಾಡೋ ಕನ್‌ಕರೆಂಟ್ಲಿ ಅನ್ನೋ ಸವಲತ್ತಿಲ್ಲ. ಮತ್ತ ಇದು ಮೊದಲು ಸಾಲು ಸೇರಿಸಿ ಆಮ್ಯಾಲೆ ಹುಡುಕ್ತದ. ಇಬ್ಬರು ಒಂದೇ ಪದ ಒಂದೇ ಕ್ಷಣಕ್ಕ ಸೇರಿಸಿದ್ರ ಒಬ್ಬರಿಗೊಬ್ಬರು ಕಾಯ್ತಾ ಡೆಡ್‌ಲಾಕ್ ಆಗಬಹುದು, ಒಬ್ಬರ ವಹಿವಾಟು ರದ್ದಾಗ್ತದ. ಆ ಎರರ್ ಬಂದ್ರ ಮತ್ತೊಮ್ಮೆ ಕಳಿಸೋ ಕೋಡ್ ಇರಲಿ.

‘ಡು ಅಪ್‌ಡೇಟ್’ ಬೇಕಂದ್ರ ಎಂಡಿ5(ಪಠ್ಯ)::ಯುಯುಐಡಿ (ಪಠ್ಯದ ಉದ್ದನ ಹ್ಯಾಶ್) ಮ್ಯಾಲೆ ಬಿ-ಟ್ರೀ ಯುನೀಕ್ ಇಂಡೆಕ್ಸ್ ಮಾಡ್ರಿ. ಸಾಲಿಗೆ 16 ಬೈಟ್ ಕೀ ಅಷ್ಟೇ.

ಯಾವುದೇ ಹಾಕ್ರಿ, ಕನ್ನಡದಾಗ ಒಂದು ಸೂಕ್ಷ್ಮ ಅದ. ‘ೋ’ ಒಂದೇ ಸಂಕೇತಾಗಿ ಬರಬಹುದು, ಮೂರು ತುಂಡಾಗಿಯೂ ಬರಬಹುದು. ಕಣ್ಣಿಗೆ ಒಂದೇ, ಬೈಟ್ ಬ್ಯಾರೆ, ಹಿಂಗಾಗಿ ನಕಲು ಒಳಗ ನುಗ್ತದ. ಆವೃತ್ತಿ 13ರಿಂದ ಇಂಥ ರೂಪ ಒಂದೇ ಮಾಡೋ ನಾರ್ಮಲೈಜ್(ಪಠ್ಯ) ಫಂಕ್ಷನ್ ಅದ, ಇಂಡೆಕ್ಸ್‌ದಾಗ ಅದರ ಫಲಾನೇ ಕೊಡ್ರಿ. ಕಾಣದ ಜಾಯ್ನರ್ ಅಕ್ಷರ ಅದರಿಂದ ಹೋಗಂಗಿಲ್ಲ, ರಿಪ್ಲೇಸ್‌ನಿಂದ ತೆಗಿಬೇಕು. ಮೂಲ ಪಠ್ಯದಾಗ ಮಾತ್ರ ತೆಗಿಬ್ಯಾಡ್ರಿ, ರ‍್ಯ ರೂಪ ಕೆಡ್ತದ.

ಪ್ರಶ್ನೆ, ಕಲಬುರಗಿ:
ಎಂಡಿ5ದಾಗ ಎರಡು ಬ್ಯಾರೆ ಪದಕ್ಕ ಒಂದೇ ಹ್ಯಾಶ್ ಬಂದು ಡಿಕ್ಕಿ ಹೊಡೀತಾವೇನ್ರಿ?

ಉತ್ತರ, ಯಾದಗಿರಿ:
ತಾನಾಗೇ ಆಗೋದನ್ನ ಲೆಕ್ಕಕ್ಕ ಹಿಡಿಬ್ಯಾಡ್ರಿ. ಬೇಕಂತಲೇ ಮಾಡಲಿಕ್ಕೆ ಬರ್ತದ. ಯಾರು ಬೇಕಾದ್ರೂ ಪಠ್ಯ ಏರಿಸೋ ಫಾರಂ ಇದ್ರ ಎಕ್ಸ್‌ಕ್ಲೂಡ್ ದಾರೀನೇ ಹಿಡೀರಿ, ಅದು ಪೂರಾ ಪಠ್ಯ ಹೋಲಿಸಿ ನೋಡ್ತದ.